ಪರೀಕ್ಷೆಗೆ ಮೊದಲು ಪಾಠ ಬೇಡವೇ?

2023ರ ಸೆಪ್ಟೆಂಬರ್‌ನಲ್ಲಿ ದಿಲ್ಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ದಿಲ್ಲಿ ರಾಜ್ಯ ಅಥ್ಲೆಟಿಕ್ಸ್ ಕೂಟ ನಡೆಯುತ್ತಿತ್ತು. ಕೊನೆಯ ದಿನ ‘ನಾಡಾ’ದವರು, ಅಂದರೆ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಘಟಕದ ಅಧಿಕಾರಿಗಳು ಬಂದಿದ್ದಾರೆ ಎಂಬ ಸುದ್ದಿ ಮೈದಾನದಲ್ಲಿ ಹಬ್ಬಿತು. ಅಷ್ಟೇ ಸಾಕಾಯಿತು. ಪುರುಷರ 100 ಮೀಟರ್ ಫೈನಲ್ ಓಟಕ್ಕೆ ಗೆರೆಯ ಮೇಲೆ ಬಂದು ನಿಂತವನು ಒಬ್ಬನೇ ಒಬ್ಬ. ಉಳಿದವರಿಗೆಲ್ಲ ಒಮ್ಮೆಲೇ ಸ್ನಾಯು ಸೆಳೆತ! ಕಿರಿಯರ ಸ್ಟೀಪಲ್‌ಚೇಸ್‌ನಲ್ಲಿ ಓಡಿದ ಒಬ್ಬಾಕೆ ಗುರಿ ಮುಟ್ಟಿದ ಮೇಲೂ ನಿಲ್ಲದೆ ಓಡುತ್ತಲೇ ಹೋದಳು, ಮಾದರಿ ಸಂಗ್ರಹಿಸಬೇಕಾದ ಅಧಿಕಾರಿ ಅವಳ ಹಿಂದೆ ಹೋಗಬೇಕಾಯಿತು. ಕ್ರೀಡಾಂಗಣದ ಶೌಚಾಲಯದಲ್ಲಿ ಬಳಸಿ ಬಿಸಾಡಿದ ಸಿರಿಂಜ್‌ಗಳು ಬಿದ್ದಿದ್ದವು.

ಈ ಸುದ್ದಿ ಓದಿ ಆಗ ನಕ್ಕವರು ತುಂಬ ಮಂದಿ. ಆದರೆ ಇದು ನಗುವ ವಿಷಯ ಅಲ್ಲ. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ‘ವಾಡಾ’ದ ಲೆಕ್ಕ ನೋಡಿ. 2022ರಲ್ಲಿ ಭಾರತದಲ್ಲಿ 3,865 ಮಾದರಿಗಳ ಪರೀಕ್ಷೆ ನಡೆದು 125 ಪಾಸಿಟಿವ್ ಬಂದವು. 2023ರಲ್ಲಿ 5,606 ಮಾದರಿಗಳು, ಪಾಸಿಟಿವ್ ಪ್ರಮಾಣ ಶೇ. 3.8. 2024ರಲ್ಲಿ 7,113 ಮಾದರಿಗಳಲ್ಲಿ 260, ಅಂದರೆ ಶೇ. 3.6. ದೊಡ್ಡ ಸಂಖ್ಯೆಯಲ್ಲಿ ಪರೀಕ್ಷೆ ನಡೆಸುವ ದೇಶಗಳ ಸಾಲಿನಲ್ಲಿ ಸತತ ಮೂರು ವರ್ಷ ನಮ್ಮದೇ ಮೊದಲ ಸ್ಥಾನ. ಇದೇ 2023ರಲ್ಲಿ ಚೀನಾ 28 ಸಾವಿರಕ್ಕೂ ಹೆಚ್ಚು ಮಾದರಿಗಳನ್ನು ಪರೀಕ್ಷಿಸಿತ್ತು. ಅಲ್ಲಿ ಪಾಸಿಟಿವ್ ಬಂದದ್ದು ಶೇ. 0.2 ಮಾತ್ರ. ‘ನಾವು ಹೆಚ್ಚು ಪರೀಕ್ಷೆ ಮಾಡ್ತೇವೆ, ಅದಕ್ಕೆ ಹೆಚ್ಚು ಸಿಕ್ಕಿಬೀಳ್ತಾರೆ’ ಎಂಬ ಸಮಾಧಾನ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಇದೆಲ್ಲ ಒಲಿಂಪಿಕ್ಸ್‌ಗೆ ಹೋಗುವವರ ತಲೆಬಿಸಿ, ನಮಗೇನು ಎಂದು ಕೇಳುವವರಿದ್ದಾರೆ. ಹಾಗಲ್ಲ. ಪರೀಕ್ಷೆಯ ಬಾಟಲಿ ಈಗ ಶಾಲೆ, ಕಾಲೇಜಿನ ಮಕ್ಕಳ ಕೈಗೂ ಬಂದಿದೆ. 2018ರಲ್ಲಿ ದಿಲ್ಲಿಯಲ್ಲಿ ನಡೆದ ಮೊದಲ ಖೇಲೋ ಇಂಡಿಯಾ ಶಾಲಾ ಕ್ರೀಡಾಕೂಟದಲ್ಲೇ 12 ಮಂದಿ ಸಿಕ್ಕಿಬಿದ್ದಿದ್ದರು. ಶಾಲಾ ಮಕ್ಕಳು! ಆನಂತರ ವಿಶ್ವವಿದ್ಯಾನಿಲಯಗಳಿಗೂ ಖೇಲೋ ಇಂಡಿಯಾ ಕೂಟ ಬಂತು. 2022ರ ಏಪ್ರಿಲ್ 24ರಿಂದ ಮೇ 3ರ ತನಕ ಅದು ನಮ್ಮ ಬೆಂಗಳೂರಿನಲ್ಲೇ ನಡೆಯಿತು. ಇನ್ನು ಅಖಿಲ ಭಾರತ ಅಂತರ ವಿವಿ ಅಥ್ಲೆಟಿಕ್ಸ್ ಕೂಟಕ್ಕೆ ಮೂಡುಬಿದಿರೆಯ ಸ್ವರಾಜ್ಯ ಮೈದಾನ ಒಂದಕ್ಕಿಂತ ಹೆಚ್ಚು ಬಾರಿ ಆತಿಥ್ಯ ಕೊಟ್ಟಿದೆ. ನಮ್ಮ ಊರಿನ ಮೈದಾನ, ನಮ್ಮ ಮನೆಯ ಮಕ್ಕಳು.

ಈ ಪುಟದ ಓದುಗರಲ್ಲಿ ಹಲವರ ಮಕ್ಕಳು ಇಂದು ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಕಾಲೇಜುಗಳಲ್ಲಿದ್ದಾರೆ. ಮಂಗಳೂರು, ಬಿ.ಸಿ.ರೋಡ್, ಉಪ್ಪಿನಂಗಡಿಯಿಂದ ರಾತ್ರಿ ಬಸ್ ಹತ್ತಿದ ಹುಡುಗ ಬೆಳಗ್ಗೆ ಕಣ್ಣು ಬಿಡುವುದು ನೆಲಮಂಗಲದಲ್ಲಿ. ಅಲ್ಲಿಂದ ಕೆಲವರು ದೊಡ್ಡಬಳ್ಳಾಪುರದ ಕಡೆಗೆ, ಕೆಲವರು ದೇವನಹಳ್ಳಿ, ಹೊಸಕೋಟೆಯ ಕಡೆಗೆ. ಎಂಜಿನಿಯರಿಂಗ್, ನರ್ಸಿಂಗ್, ಫಾರ್ಮಸಿ, ಬಿ.ಕಾಂ. ನೆಲಮಂಗಲ, ದಾಬಸ್‌ಪೇಟೆಯ ಕಡೆ ಬೇಕರಿ, ಹೋಟೆಲು, ದಿನಸಿ ಅಂಗಡಿ ಇಟ್ಟು ಅಲ್ಲಿಯೇ ನೆಲೆನಿಂತ ಕುಟುಂಬಗಳೂ ಉಂಟು. ಈ ಮಕ್ಕಳಲ್ಲಿ ಕಬಡ್ಡಿ, ಫುಟ್ಬಾಲ್, ವಾಲಿಬಾಲ್, ಓಟ, ವೇಟ್‌ಲಿಫ್ಟಿಂಗ್ ಎಂದು ಮೈದಾನಕ್ಕೆ ಇಳಿದವರು ಕಡಿಮೆ ಇಲ್ಲ. ಕ್ರೀಡಾ ಕೋಟಾದಲ್ಲಿ ಸೀಟು ಸಿಕ್ಕಿದವರಿದ್ದಾರೆ, ಶುಲ್ಕದಲ್ಲಿ ರಿಯಾಯಿತಿ ಪಡೆದವರಿದ್ದಾರೆ, ನಾಳೆ ರೈಲ್ವೆಯಲ್ಲೋ ಪೊಲೀಸ್ ಇಲಾಖೆಯಲ್ಲೋ ಕ್ರೀಡಾ ಕೋಟಾದ ಕೆಲಸದ ಆಸೆ ಇಟ್ಟುಕೊಂಡವರಿದ್ದಾರೆ. ಮನೆಯವರ ಕಣ್ಣಿನಿಂದ ಮುನ್ನೂರು ಕಿಲೋಮೀಟರ್ ದೂರದಲ್ಲಿ ಇವರಿಗೆ ಏನು ತಿನ್ನಬೇಕು, ಏನು ಕುಡಿಯಬೇಕು ಎಂದು ಹೇಳುವವರು ಯಾರು? ಜಿಮ್ ಟ್ರೈನರ್, ಸೀನಿಯರ್ ಆಟಗಾರ, ಇಲ್ಲದಿದ್ದರೆ ಮೊಬೈಲು.

ನಮ್ಮ ನಿಲುವನ್ನು ಮೊದಲೇ ಹೇಳಿಬಿಡುತ್ತೇವೆ. ಪರೀಕ್ಷೆ ಬೇಕು. ಕಾಲೇಜು ಮಟ್ಟದಲ್ಲೂ ಬೇಕು. ಬೆಳಗ್ಗೆ ಐದಕ್ಕೆ ಎದ್ದು, ಅನ್ನ–ಮೀನು ತಿಂದು, ಬೆವರು ಸುರಿಸಿ ಓಡುವ ಪ್ರಾಮಾಣಿಕ ಹುಡುಗನಿಗೆ ಇರುವ ರಕ್ಷಣೆ ಅದೊಂದೇ. ಪರೀಕ್ಷೆ ಇಲ್ಲದ ಮೈದಾನದಲ್ಲಿ ಸಿರಿಂಜ್ ಹಿಡಿದವನೇ ಗೆಲ್ಲುತ್ತಾನೆ. ಆದರೆ ಪಾಠವನ್ನೇ ಮಾಡದೆ ಪರೀಕ್ಷೆ ಇಡುವುದು ಯಾವ ನ್ಯಾಯ? ಗಣಿತದ ಮೇಷ್ಟ್ರು ಹಾಗೆ ಮಾಡಿದರೆ ಮಕ್ಕಳೂ ಪೋಷಕರೂ ಕಾಲೇಜಿನ ಮುಂದೆ ಧರಣಿ ಕೂರುತ್ತಾರೆ. ಉದ್ದೀಪನ ಮದ್ದಿನ ವಿಷಯದಲ್ಲಿ ಮಾತ್ರ ಯಾರೂ ಕೇಳುವುದಿಲ್ಲ. ಅಂತರ ಕಾಲೇಜು ಕೂಟದ ತನಕ ಈ ಬಗ್ಗೆ ಒಂದು ಮಾತೂ ಕೇಳದ ಹುಡುಗ, ಬಹುಮಟ್ಟಿಗೆ ಅಖಿಲ ಭಾರತ ಕೂಟಕ್ಕೆ ಹೋದಾಗಲೇ ಮೊದಲ ಬಾರಿಗೆ ನಾಡಾದವರನ್ನು ನೋಡುತ್ತಾನೆ. ಆಗ ಕಲಿಯಲು ಸಮಯ ಇರುವುದಿಲ್ಲ.

ಹಾಗಾದರೆ ಆ ಪರೀಕ್ಷೆ ಅಂದ್ರೆ ಏನು? ಅದರಲ್ಲಿ ಹೆದರುವಂಥದ್ದು ಏನೂ ಇಲ್ಲ, ತಿಳಿದಿರಬೇಕು ಅಷ್ಟೇ. ಆಟ ಮುಗಿದ ಮೇಲೆ ಅಧಿಕಾರಿ ಬಂದು ಗುರುತಿನ ಚೀಟಿ ತೋರಿಸಿ, ನಿಮ್ಮನ್ನು ಪರೀಕ್ಷೆಗೆ ಆರಿಸಿದೆ ಎಂದು ತಿಳಿಸುತ್ತಾರೆ. ಆ ಕ್ಷಣದಿಂದ ಅವರ ಕಣ್ಣಳತೆಯಲ್ಲೇ ಇರಬೇಕು. ಪದಕ ಪ್ರದಾನಕ್ಕೆ, ಇನ್ನೊಂದು ಸ್ಪರ್ಧೆಗೆ, ಗಾಯದ ಚಿಕಿತ್ಸೆಗೆ ಅವಕಾಶ ಕೇಳಬಹುದು, ಅವರೂ ಜೊತೆಗಿರುತ್ತಾರೆ. ಕಿಟ್ ಆಯ್ದುಕೊಳ್ಳುವುದು ಆಟಗಾರನೇ. ಕನಿಷ್ಠ 90 ಮಿಲಿಲೀಟರ್ ಮೂತ್ರ ಬೇಕು. ಅದನ್ನು ‘ಎ’ ಮತ್ತು ‘ಬಿ’ ಎಂದು ಎರಡು ಬಾಟಲಿಗೆ ಹಾಕಿ ಸೀಲ್ ಮಾಡುತ್ತಾರೆ. ಪ್ರಯೋಗಾಲಯಕ್ಕೆ ಹೋಗುವುದು ಸಂಖ್ಯೆ ಮಾತ್ರ, ಹೆಸರಲ್ಲ. ಕಳೆದ ಏಳು ದಿನಗಳಲ್ಲಿ ತೆಗೆದುಕೊಂಡ ಔಷಧ, ಪೌಡರ್, ವಿಟಮಿನ್ ಎಲ್ಲವನ್ನೂ ಫಾರ್ಮಿನಲ್ಲಿ ಬರೆಯಬೇಕು. ಅದನ್ನು ಮುಚ್ಚಿಟ್ಟರೆ ನಷ್ಟ ಆಟಗಾರನಿಗೇ.

ಮಾದರಿ ಕೊಡುವಾಗ ಒಬ್ಬರು ಎದುರಲ್ಲೇ ನಿಂತು ನೋಡುತ್ತಾರೆ. ಮರ್ಯಾದೆಯ ಮನೆಯಲ್ಲಿ ಬೆಳೆದ ಮಕ್ಕಳಿಗೆ, ವಿಶೇಷವಾಗಿ ಹೆಣ್ಣುಮಕ್ಕಳಿಗೆ, ಇದು ದೊಡ್ಡ ಆಘಾತ. ಮೊದಲೇ ತಿಳಿಸದಿದ್ದರೆ ಹುಡುಗಿ ಗಾಬರಿಯಾಗಿ ಓಡಿಹೋದರೂ ಆಶ್ಚರ್ಯ ಇಲ್ಲ. ಹುಡುಗಿಯರಿಗೆ ಮಹಿಳೆಯೇ, ಹುಡುಗರಿಗೆ ಪುರುಷರೇ ಇರಬೇಕೆಂಬುದು ನಿಯಮ. ಜೊತೆಗೆ ಒಬ್ಬ ಪ್ರತಿನಿಧಿಯನ್ನು ಕರೆದುಕೊಂಡು ಹೋಗುವ ಹಕ್ಕು ಉಂಟು. ಹದಿನೆಂಟು ತುಂಬದ ಪಿಯುಸಿ ಮಕ್ಕಳ ಜೊತೆಗಂತೂ ಹಿರಿಯರೊಬ್ಬರು ಇರಲೇಬೇಕು. ಇನ್ನೊಂದು ಮಾತು. ನೋಂಬಿನ ದಿನ ಎಂಬ ಕಾರಣಕ್ಕೆ ಪರೀಕ್ಷೆಯಿಂದ ವಿನಾಯಿತಿ ಸಿಗುವುದಿಲ್ಲ. ನೀರು ಕುಡಿಯದೆ 90 ಮಿಲಿಲೀಟರ್ ಬರುವುದು ಕಷ್ಟ ನಿಜ. ಆಗ ಅಲ್ಲಿಂದ ಎದ್ದು ಹೋಗದೆ ಅಧಿಕಾರಿಯ ಕಣ್ಣೆದುರೇ ಕಾಯಬೇಕು, ಸಾಕಷ್ಟು ಮಾದರಿ ಬರುವ ತನಕ ಅವರೂ ಕಾಯುತ್ತಾರೆ. ಎದ್ದು ಹೋದರೆ ಅದನ್ನು ತಪ್ಪಿಸಿಕೊಂಡ ಲೆಕ್ಕಕ್ಕೇ ಹಾಕುತ್ತಾರೆ.

ತಪ್ಪಿಸಿಕೊಂಡರೆ ಏನಾಗ್ತದೆ? ನಾಲ್ಕು ವರ್ಷ ನಿಷೇಧ. ಅನಾಬಾಲಿಕ್ ಸ್ಟಿರಾಯ್ಡ್ ಸಿಕ್ಕಿದರೂ ಸಾಮಾನ್ಯವಾಗಿ ಅಷ್ಟೇ, ನಾಲ್ಕು ವರ್ಷ. ಓಡಿಹೋದವನಿಗೂ ಸಿಕ್ಕಿಬಿದ್ದವನಿಗೂ ಶಿಕ್ಷೆ ಒಂದೇ ಎಂಬುದು ಮೈದಾನದಲ್ಲಿರುವ ಎಷ್ಟು ಮಕ್ಕಳಿಗೆ ಗೊತ್ತು? ಪದವಿ ಮೂರೋ ನಾಲ್ಕೋ ವರ್ಷ, ನಿಷೇಧವೂ ನಾಲ್ಕು ವರ್ಷ. ಅಂದರೆ ಇಡೀ ಕಾಲೇಜು ಜೀವನದ ಆಟ ಮುಗಿದ ಹಾಗೆ. ಅಥ್ಲೆಟಿಕ್ಸ್‌ನಲ್ಲಿ ನಿಷೇಧವಾದವನು ಕಬಡ್ಡಿಗೆ ಹೋಗುವ ಹಾಗಿಲ್ಲ, ಎಲ್ಲ ಆಟಕ್ಕೂ ಅದು ಅನ್ವಯ. ಆ ದಿನ ಗೆದ್ದ ಪದಕವೂ ವಾಪಸ್. ಕ್ರೀಡಾ ಕೋಟಾದ ಕೆಲಸದ ದಾರಿಯೂ ಮುಚ್ಚಿದಂತೆ.

ಇದಕ್ಕಿಂತ ಕಠಿಣವಾದ ನಿಯಮ ಮತ್ತೊಂದುಂಟು. ಮೈಯಲ್ಲಿ ನಿಷೇಧಿತ ವಸ್ತು ಸಿಕ್ಕಿತು ಎಂದಾದರೆ, ಅದು ಹೇಗೆ ಬಂತು ಎಂದು ತೋರಿಸುವ ಹೊಣೆ ಆಟಗಾರನದ್ದೇ. ‘ನನಗೆ ಗೊತ್ತಿರಲಿಲ್ಲ’, ‘ಕೋಚ್ ಕೊಟ್ಟರು’, ‘ಡಾಕ್ಟರ್ ಬರೆದುಕೊಟ್ಟರು’ ಎಂಬ ಉತ್ತರಗಳಿಂದ ಕೆಲವೊಮ್ಮೆ ಶಿಕ್ಷೆ ಕಡಿಮೆಯಾಗಬಹುದು, ತಪ್ಪು ಅಳಿಸಿ ಹೋಗುವುದಿಲ್ಲ. ಅತ್ಯಂತ ಕಡಿಮೆ ತಿಳಿದವನ ತಲೆಯ ಮೇಲೆ ಅತ್ಯಂತ ದೊಡ್ಡ ಹೊರೆ. ಪಾಠ ಮೊದಲು ಬೇಕು ಎಂದು ನಾವು ಒತ್ತಿ ಹೇಳುವುದು ಇದಕ್ಕೇ.

ಇದು ಎಷ್ಟು ನಿಜ ಎಂದು ತಿಳಿಯಲು ನಮ್ಮ ಕರಾವಳಿಗೆ ದೂರದ ಉದಾಹರಣೆ ಬೇಡ. ಕುಂದಾಪುರ ತಾಲೂಕಿನ ಸಿದ್ದಾಪುರ ಸಮೀಪದ ಜನ್ಸಾಲೆಯ ಅಶ್ವಿನಿ ಅಕ್ಕುಂಜಿ 2010ರಲ್ಲಿ ಮೂರು ಚಿನ್ನ ಗೆದ್ದವರು. ದಿಲ್ಲಿ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ 4x400 ಮೀಟರ್ ರಿಲೇ, ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ. ಊರಿಗೆ ಊರೇ ಹಬ್ಬ ಮಾಡಿತ್ತು. ಮರುವರ್ಷವೇ, 2011ರಲ್ಲಿ, ಅಶ್ವಿನಿ ಸೇರಿದಂತೆ ರಾಷ್ಟ್ರೀಯ ಶಿಬಿರದ ಓಟಗಾರ್ತಿಯರ ಮಾದರಿಯಲ್ಲಿ ಸ್ಟಿರಾಯ್ಡ್ ಪತ್ತೆಯಾಯಿತು. ಚೀನಾದಲ್ಲಿ ಕೊಂಡ ಜಿನ್‌ಸೆಂಗ್ ಎಂಬ ಬೇರಿನ ಪೂರಕವೇ ಇದಕ್ಕೆ ಕಾರಣ ಎಂಬ ವಾದ ಬಂತು. ಉಕ್ರೇನಿನ ಕೋಚ್ ಯೂರಿ ಒಗೊರೊದ್ನಿಕ್ ಅವರನ್ನು ಕೆಲಸದಿಂದ ತೆಗೆದರು. ದೇಶದೊಳಗಿನ ಸಮಿತಿ ಒಂದು ವರ್ಷ ನಿಷೇಧ ಹೇಳಿತು. ಅಂತಾರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆ ಮೇಲ್ಮನವಿ ಹೋಯಿತು. 2012ರ ಜುಲೈಯಲ್ಲಿ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ಕೋಚ್ ಕೆಲಸ ಕಳೆದುಕೊಂಡರು, ಆದರೆ ಓಟದ ಅತ್ಯುತ್ತಮ ವರ್ಷಗಳನ್ನು ಕಳೆದುಕೊಂಡವರು ಓಟಗಾರ್ತಿಯರು.

ಕೊಡಗು ಮೂಲದ, ಮಂಗಳೂರಿನಲ್ಲಿ ಬೆಳೆದ ಎಂ.ಆರ್. ಪೂವಮ್ಮ ಅವರ ವಿಷಯವೂ ಹಾಗೆಯೇ. 2014 ಮತ್ತು 2018ರ ಏಷ್ಯನ್ ಗೇಮ್ಸ್ ರಿಲೇಯಲ್ಲಿ ಚಿನ್ನ, ಅರ್ಜುನ ಪ್ರಶಸ್ತಿ. 2021ರ ಫೆಬ್ರವರಿಯಲ್ಲಿ ಪಟಿಯಾಲದಲ್ಲಿ ಕೊಟ್ಟ ಮಾದರಿಯಲ್ಲಿ ಮಿಥೈಲ್‌ಹೆಕ್ಸೇನಮೈನ್ ಎಂಬ ಉತ್ತೇಜಕ ಸಿಕ್ಕಿತು. ಶಿಸ್ತು ಸಮಿತಿ ಮೂರು ತಿಂಗಳ ನಿಷೇಧ ಹೇಳಿತು. 2022ರ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿ ಸಮಿತಿ ಅದನ್ನು ಎರಡು ವರ್ಷ ಮಾಡಿತು. ರಾಷ್ಟ್ರೀಯ ಶಿಬಿರದಲ್ಲಿ ವರ್ಷಗಟ್ಟಲೆ ಇದ್ದು, ವಿದೇಶ ಸುತ್ತಿ ಬಂದವರಿಗೇ ಹೀಗಾದರೆ, ಹಾಸ್ಟೆಲ್ ಕೋಣೆಯಲ್ಲಿ ಇಬ್ಬರು ಸೇರಿ ಒಂದು ಪೌಡರ್ ಡಬ್ಬ ಕೊಳ್ಳುವ ನಮ್ಮ ಹುಡುಗರ ಗತಿ ಏನು?

ಪೌಡರ್ ಬಿಡಿ, ಕೆಮ್ಮಿನ ಸಿರಪ್ಪೂ ಸಾಕು. ಕ್ರಿಕೆಟಿಗ ಯೂಸುಫ್ ಪಠಾಣ್ ಅವರ ಮಾದರಿಯಲ್ಲಿ 2017ರಲ್ಲಿ ಟರ್ಬ್ಯುಟಲಿನ್ ಸಿಕ್ಕಿ ಐದು ತಿಂಗಳ ನಿಷೇಧ ಬಂತು. 2019ರಲ್ಲಿ ಪೃಥ್ವಿ ಶಾ ಅವರಿಗೆ ಎಂಟು ತಿಂಗಳು. ಎರಡೂ ಕಡೆ ವಸ್ತು ಒಂದೇ, ದಾರಿಯೂ ಒಂದೇ: ಕೆಮ್ಮಿನ ಸಿರಪ್. ನಮ್ಮ ಮೆಡಿಕಲ್ ಶಾಪುಗಳಲ್ಲಿ ಸಿಗುವ ಹಲವು ಸಿರಪ್‌ಗಳಲ್ಲಿ ಈ ಟರ್ಬ್ಯುಟಲಿನ್ ಇರುತ್ತದೆ. ಮಗನಿಗೆ ಕೆಮ್ಮು ಎಂದು ಉಮ್ಮ ಬ್ಯಾಗಿಗೆ ಹಾಕಿಕೊಟ್ಟ ಬಾಟಲಿಯೇ ಅವನ ಆಟಕ್ಕೆ ಮುಳುವಾಗಬಹುದು. ರಕ್ತದೊತ್ತಡ, ಕಾಲು ಬಾವಿಗೆ ಕೊಡುವ ಫ್ಯುರೋಸೆಮೈಡ್ ಮಾತ್ರೆ ನಿಷೇಧಿತ. ಮಂಡಿ ನೋವಿಗೆ ಹಾಕಿಸಿಕೊಳ್ಳುವ ಸ್ಟಿರಾಯ್ಡ್ ಇಂಜೆಕ್ಷನ್ 2022ರಿಂದ ಸ್ಪರ್ಧೆಯ ಕಾಲದಲ್ಲಿ ನಿಷೇಧಿತ. ನೋವಿನ ಮಾತ್ರೆ ಟ್ರಮಡಾಲ್ 2024ರಿಂದ ಅದೇ ಸಾಲಿಗೆ ಸೇರಿತು. ಪ್ಯಾರಸಿಟಮಾಲ್‌ಗೆ ತೊಂದರೆ ಇಲ್ಲ. ಉಬ್ಬಸ ಇರುವವರ ಸಾಲ್ಬ್ಯುಟಮಾಲ್ ಇನ್‌ಹೇಲರ್‌ಗೆ ಮಿತಿಯೊಳಗೆ ಅನುಮತಿ ಉಂಟು. ನಿಜವಾದ ಕಾಯಿಲೆಗೆ ನಿಷೇಧಿತ ಔಷಧವೇ ಬೇಕಾದರೆ, ಡಾಕ್ಟರರ ದಾಖಲೆ ಇಟ್ಟು ಮುಂಚಿತವಾಗಿ ವಿನಾಯಿತಿ ಕೇಳುವ ವ್ಯವಸ್ಥೆಯೂ ಉಂಟು. ಆ ಪಟ್ಟಿ ಪ್ರತಿ ವರ್ಷ ಜನವರಿ 1ರಿಂದ ಹೊಸದಾಗುತ್ತದೆ, ಹೋದ ವರ್ಷ ಸರಿಯಿದ್ದದ್ದು ಈ ವರ್ಷವೂ ಸರಿ ಎಂದುಕೊಳ್ಳಬಾರದು. ಔಷಧದ ಹೆಸರು ಹಾಕಿ ನೋಡಲು ನಾಡಾದ್ದೇ ‘ನೋ ಯುವರ್ ಮೆಡಿಸಿನ್’ ಎಂಬ ಸೌಲಭ್ಯ ಇದೆ. ಫೋನಿನಲ್ಲೇ ನೋಡಬಹುದು, ಕಾಸು ಖರ್ಚಿಲ್ಲ.

ಲೇಬಲ್ ಓದುವುದು ನಮ್ಮ ಮನೆಗಳಿಗೆ ಹೊಸತಲ್ಲ. ಬಿಸ್ಕೆಟ್, ಚಾಕಲೇಟ್, ಜೆಲ್ಲಿ ಕೊಳ್ಳುವಾಗ ಪೊಟ್ಟಣ ತಿರುಗಿಸಿ ಜೆಲಾಟಿನ್ ಉಂಟಾ, ಹಲಾಲ್ ಮುದ್ರೆ ಉಂಟಾ ಎಂದು ನೋಡುವ ಅಭ್ಯಾಸ ನಮ್ಮ ಹೆಂಗಸರಿಗೆ ಚೆನ್ನಾಗಿ ಉಂಟು. ಅದೇ ಕಣ್ಣು ಪ್ರೋಟೀನ್ ಡಬ್ಬದ ಮೇಲೂ ಬೀಳಬೇಕು. ಆದರೆ ಒಂದು ಎಚ್ಚರಿಕೆ: ಹಲಾಲ್ ಮುದ್ರೆ ಇದ್ದ ಮಾತ್ರಕ್ಕೆ ಅದು ಉದ್ದೀಪನ ಮದ್ದಿನಿಂದ ಮುಕ್ತ ಎಂದಲ್ಲ. ‘ಆಯುರ್ವೇದಿಕ್’, ‘ಹರ್ಬಲ್’, ‘ನೂರಕ್ಕೆ ನೂರು ನ್ಯಾಚುರಲ್’ ಎಂದು ಬರೆದ ಮಾತ್ರಕ್ಕೂ ಅಲ್ಲ. ಜಿನ್‌ಸೆಂಗ್ ಕೂಡ ಒಂದು ಬೇರೇ ಅಲ್ಲವೇ? ಲೇಬಲ್ಲಿನಲ್ಲಿ ಬರೆಯದ ವಸ್ತು ಡಬ್ಬದೊಳಗೆ ಇರುವುದೂ ಉಂಟು. ಎರಡೇ ತಿಂಗಳಲ್ಲಿ ಮೈ ಕಟ್ಟುತ್ತದೆ ಎಂದು ಹೇಳಿ ಮಾರುವ ಡಬ್ಬವನ್ನು ದೂರದಿಂದಲೇ ಬಿಟ್ಟುಬಿಡುವುದು ಲೇಸು. ಮೊಟ್ಟೆ, ಮೀನು, ಬೇಳೆ, ಹಾಲು, ಕಡಲೆ ಇವುಗಳಿಂದ ಯಾರಿಗೂ ನಿಷೇಧ ಬಂದಿಲ್ಲ.

ಎಲ್ಲಕ್ಕಿಂತ ಅಪಾಯದ್ದು ಇಂಜೆಕ್ಷನ್. ಆಪರೇಷನ್ ಸಮಯದಲ್ಲಿ ರೋಗಿಯ ರಕ್ತದೊತ್ತಡ ತೀರಾ ಇಳಿದಾಗ ಏರಿಸಲು ಕೊಡುವ ಮೆಫೆಂಟರ್ಮೈನ್ ಎಂಬ ಔಷಧವನ್ನು ‘ಸ್ಟಾಮಿನಾ ಬರ್ತದೆ’ ಎಂದು ಜಿಮ್‌ಗಳಲ್ಲಿ ಚುಚ್ಚಿಕೊಳ್ಳುವ ಚಟ ದೇಶದ ಹಲವು ಕಡೆ ಬೆಳೆದಿದೆ. ಆರೋಗ್ಯವಂತ ಹುಡುಗನ ಹೃದಯದ ಮೇಲೆ ಅದು ಏನು ಮಾಡೀತು ಎಂದು ಯಾವ ಡಾಕ್ಟರನ್ನು ಬೇಕಾದರೂ ಕೇಳಿ. ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಆಟ ಮಾತ್ರ ಹೋಗುತ್ತದೆ. ಸಿಕ್ಕಿಬೀಳದಿದ್ದರೆ ಜೀವವೇ ಹೋಗಬಹುದು. ಆ ದೃಷ್ಟಿಯಲ್ಲಿ ಸಿಕ್ಕಿಬಿದ್ದವನೇ ಪುಣ್ಯವಂತ.

ಇಲ್ಲಿ ಇನ್ನೊಂದು ಗೊಂದಲವನ್ನು ಬಿಡಿಸಬೇಕು. ನಮ್ಮಲ್ಲಿ ‘ಡ್ರಗ್ ಟೆಸ್ಟ್’ ಅಂದ ಕೂಡಲೇ ಜನರ ಮನಸ್ಸಿಗೆ ಬರುವುದು ಗಾಂಜಾ, ಎಂಡಿಎಂಎ. ಕಾಲೇಜು ಮಕ್ಕಳಿಗೆ ಮಾದಕ ವಸ್ತು ಪರೀಕ್ಷೆ ಮಾಡಬೇಕೆಂಬ ಮಾತು ಕರಾವಳಿಯಲ್ಲಿ ಜೋರಾಗಿಯೇ ಇದೆ. ಅದರ ಉದ್ದೇಶ ಬೇರೆ, ಆಟಗಾರರ ಪರೀಕ್ಷೆಯ ಉದ್ದೇಶ ಬೇರೆ. ಕೆಮ್ಮಿನ ಸಿರಪ್ಪಿನಿಂದ ಪಾಸಿಟಿವ್ ಬಂದ ಹುಡುಗನ ಬಗ್ಗೆ ‘ಅವ ಡ್ರಗ್ಸ್ ತೆಕ್ಕೊಳ್ತಾನಂತೆ’ ಎಂದು ಊರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಬ್ಬಿಸಿದರೆ ಅವನ ಮನೆಯವರು ತಲೆ ಎತ್ತಿ ನಡೆಯುವುದು ಹೇಗೆ? ಸುದ್ದಿ ಮುಂದಕ್ಕೆ ತಳ್ಳುವ ಮೊದಲು ಎರಡು ನಿಮಿಷ ಯೋಚಿಸೋಣ. ಹಾಗೆಂದು ಆಟಗಾರರಿಗೆ ಗಾಂಜಾ ಮಾಫಿ ಎಂದಲ್ಲ. ಸ್ಪರ್ಧೆಯ ಕಾಲದಲ್ಲಿ ಅದೂ ನಿಷೇಧಿತವೇ. ಆಟಕ್ಕೆ ಸಂಬಂಧವಿಲ್ಲದೆ, ಸ್ಪರ್ಧೆಯ ಹೊರಗೆ ಸೇವಿಸಿದ್ದು ಎಂದು ಸಾಬೀತಾದರೆ ಮೂರು ತಿಂಗಳ ನಿಷೇಧ, ಚಿಕಿತ್ಸಾ ಕಾರ್ಯಕ್ರಮ ಪೂರೈಸಿದರೆ ಅದು ಒಂದು ತಿಂಗಳಿಗೆ ಇಳಿಯಬಹುದು. ಜಗತ್ತಿನ ನಿಯಮ ಮಾಡುವವರೇ ಚಟಕ್ಕೆ ಬಿದ್ದ ಹುಡುಗನನ್ನು ಚಿಕಿತ್ಸೆಯತ್ತ ಕಳಿಸುವ ದಾರಿ ಇಟ್ಟಿದ್ದಾರೆ. ನಮ್ಮ ಕಾಲೇಜುಗಳು ಮತ್ತು ಮನೆಗಳು ಕೂಡ ಹೊರದಬ್ಬುವ ಮೊದಲು ಆ ದಾರಿಯನ್ನು ನೋಡಬೇಕು.

ಪರೀಕ್ಷೆ ಮತ್ತು ಮಾನದ ಪ್ರಶ್ನೆ ನಮ್ಮೊಬ್ಬರದ್ದೇ ಅಲ್ಲ. ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ 1986ರಲ್ಲೇ ವಿದ್ಯಾರ್ಥಿ ಆಟಗಾರರ ಪರೀಕ್ಷೆ ಶುರುಮಾಡಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಆಟಗಾರರು ಖಾಸಗಿತನದ ಪ್ರಶ್ನೆ ಎತ್ತಿ ಕೋರ್ಟಿಗೆ ಹೋದರು. 1994ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಪರೀಕ್ಷೆಯನ್ನು ಎತ್ತಿಹಿಡಿಯಿತು. ಆದರೆ ಅದಕ್ಕಿಂತ ಒಂದು ವರ್ಷ ಮೊದಲು ಕೊಲರಾಡೊದ ಸುಪ್ರೀಂ ಕೋರ್ಟ್, ಅಲ್ಲಿನ ವಿಶ್ವವಿದ್ಯಾನಿಲಯ ಆಟಗಾರರಿಂದ ಪಡೆದ ಒಪ್ಪಿಗೆ ನಿಜವಾದ ಸ್ವಇಚ್ಛೆಯ ಒಪ್ಪಿಗೆಯಲ್ಲ ಎಂದು ಹೇಳಿ ಆ ಪರೀಕ್ಷೆಯನ್ನು ತಳ್ಳಿಹಾಕಿತ್ತು. ನಮ್ಮಲ್ಲೂ ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದೆ. ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಇದರಿಂದ ಪರೀಕ್ಷೆ ನಿಲ್ಲಬೇಕು ಎಂದು ನಾವು ಹೇಳುತ್ತಿಲ್ಲ. ಅರ್ಥವಾಗದ ಇಂಗ್ಲಿಷ್ ಫಾರ್ಮಿಗೆ ಹಾಕಿಸಿಕೊಂಡ ಸಹಿ ಒಪ್ಪಿಗೆ ಆಗುವುದಿಲ್ಲ ಎಂದು ಮಾತ್ರ ಹೇಳುತ್ತಿದ್ದೇವೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗನಿಗೆ ಆ ಹಾಳೆಯನ್ನು ಕನ್ನಡದಲ್ಲಿ ಕೊಡಿ. ಅಮೆರಿಕದ ಆ ಕಾಲೇಜು ನಿಯಮದಲ್ಲಿ ಮೊದಲ ಸಲ ಸಿಕ್ಕಿಬಿದ್ದವನಿಗೆ ಹೋಗುವುದು ಒಂದು ವರ್ಷ. ನಮ್ಮ ಮಕ್ಕಳಿಗೆ ಅನ್ವಯಿಸುವ ವಾಡಾ ನಿಯಮದಲ್ಲಿ ನಾಲ್ಕು. ಶಿಕ್ಷೆ ಇಷ್ಟು ದೊಡ್ಡದಿರುವಾಗ ತಿಳಿವಳಿಕೆ ಕೊಡುವ ಹೊಣೆಯೂ ಅಷ್ಟೇ ದೊಡ್ಡದು.

ಮದ್ದು ಕೊಟ್ಟವರನ್ನೂ ಕೇಳಬೇಕಲ್ಲ. 2022ರ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಕಾಯ್ದೆಯ ವ್ಯಾಪ್ತಿಗೆ ಆಟಗಾರರ ಜೊತೆ ಕೋಚ್, ಟ್ರೈನರ್, ವೈದ್ಯ ಮುಂತಾದ ಸಹಾಯಕ ಸಿಬ್ಬಂದಿಯೂ ಬರುತ್ತಾರೆ. ಮದ್ದು ಕೊಡುವವರಿಗೆ, ಸಾಗಿಸುವವರಿಗೆ ನಾಲ್ಕು ವರ್ಷದಿಂದ ಆಜೀವ ನಿಷೇಧದ ತನಕ ಶಿಕ್ಷೆ ಇದೆ. ಪುಸ್ತಕದಲ್ಲಿ ಉಂಟು. ಆದರೆ ಸುದ್ದಿಯಲ್ಲಿ ಹೆಸರು ಬರುವುದು ಬಹುಪಾಲು ಮಕ್ಕಳದ್ದೇ. ಬಡವರ ಮನೆಯ ಹುಡುಗ ಸಿಕ್ಕಿಬೀಳುತ್ತಾನೆ, ಅವನ ಕೈಗೆ ಡಬ್ಬ ಕೊಟ್ಟವನು ಮುಂದಿನ ಬ್ಯಾಚಿಗೆ ಡಬ್ಬ ತೆರೆಯುತ್ತಾನೆ. ಒಂದು ಮಾದರಿ ಪಾಸಿಟಿವ್ ಬಂದಾಗ ತನಿಖೆ ಆ ಡಬ್ಬ ಬಂದ ಅಂಗಡಿ, ಜಿಮ್, ಶಿಬಿರದ ತನಕ ಹೋಗಬೇಕು.

ಇಷ್ಟೆಲ್ಲ ಹೇಳಿ, ಮಾಡಬೇಕಾದ್ದೇನು ಎಂದು ಹೇಳದಿದ್ದರೆ ಪ್ರಯೋಜನ ಇಲ್ಲ. ಬೆಂಗಳೂರು ಉತ್ತರ ವಿಶ್ವವಿದ್ಯಾನಿಲಯ ಇರಲಿ, ವಿಟಿಯು ಇರಲಿ, ಅಂತರ ಕಾಲೇಜು ತಂಡಕ್ಕೆ ಆಯ್ಕೆಯಾದ ಪ್ರತಿ ವಿದ್ಯಾರ್ಥಿಗೆ ಮೊದಲ ಪಂದ್ಯಕ್ಕಿಂತ ಮುಂಚೆ ಎರಡು ಗಂಟೆಯ ಪಾಠವನ್ನು ಕಡ್ಡಾಯ ಮಾಡಬೇಕು, ಕನ್ನಡದಲ್ಲಿ. ದೇವನಹಳ್ಳಿಯಿಂದ ನೆಲಮಂಗಲದ ತನಕ ನಾಲ್ಕೇ ತಾಲೂಕಿನ ಸಣ್ಣ ಜಿಲ್ಲೆ ಇದು. ಅಲ್ಲಿನ ದೈಹಿಕ ಶಿಕ್ಷಣ ನಿರ್ದೇಶಕರನ್ನೆಲ್ಲ ಒಂದೇ ದಿನ ಒಂದು ಸಭಾಂಗಣದಲ್ಲಿ ಕೂರಿಸಿ ತರಬೇತಿ ಕೊಡುವುದು ದೊಡ್ಡ ಕೆಲಸವೇನಲ್ಲ. ರಾಷ್ಟ್ರೀಯ ಕೂಟಕ್ಕೆ ಹೊರಟ ತಂಡದೊಂದಿಗೆ ಈ ನಿಯಮ ಬಲ್ಲ ಒಬ್ಬರು ಹೋಗಬೇಕು, ಹೆಣ್ಣುಮಕ್ಕಳ ತಂಡದೊಂದಿಗೆ ಮಹಿಳೆಯೇ ಹೋಗಬೇಕು. ಹಾಸ್ಟೆಲ್ ನೋಟಿಸ್ ಬೋರ್ಡಿನಲ್ಲಿ ಸಾಮಾನ್ಯ ಔಷಧಗಳ ಪಟ್ಟಿ ಇರಬೇಕು.

ನಮ್ಮ ಸಮುದಾಯಕ್ಕೂ ಪಾಲಿದೆ. ನಮ್ಮ ಮಕ್ಕಳಲ್ಲಿ ಫಾರ್ಮಸಿ, ನರ್ಸಿಂಗ್, ವೈದ್ಯಕೀಯ ಓದುವವರು ಇದ್ದಾರೆ. ಮೆಡಿಕಲ್ ಶಾಪ್ ಇಟ್ಟವರಿದ್ದಾರೆ. ಊರಿನಲ್ಲಿ ಕಬಡ್ಡಿ, ಕ್ರಿಕೆಟ್ ಟೂರ್ನಮೆಂಟ್ ಮಾಡುವ ಯುವಕ ಸಂಘಗಳು ಊಟಕ್ಕೆ, ಟ್ರೋಫಿಗೆ, ಮೈಕಿಗೆ ಖರ್ಚು ಮಾಡುತ್ತವೆ. ಉದ್ಘಾಟನೆಯ ದಿನ ಹತ್ತು ಭಾಷಣಗಳ ನಡುವೆ ಒಬ್ಬ ಫಾರ್ಮಸಿ ವಿದ್ಯಾರ್ಥಿಗೆ ಹದಿನೈದು ನಿಮಿಷ ಕೊಡಿ. ಬಿರಿಯಾನಿ ಬಡಿಸುವ ಮೊದಲು ಈ ಮಾತು ಕೇಳಿಸಿದರೆ ಎಲ್ಲರೂ ಕೂತು ಕೇಳುತ್ತಾರೆ!

ಪೋಷಕರೇ, ವಾರಕ್ಕೊಮ್ಮೆ ಫೋನಿನಲ್ಲಿ ‘ಊಟ ಆಯ್ತಾ’ ಎಂದು ಕೇಳುವ ಜೊತೆಗೆ ‘ಏನು ಪೌಡರ್ ಕುಡಿತಿದ್ದಿ, ಯಾರು ಕೊಟ್ಟದ್ದು’ ಎಂದೂ ಕೇಳಿ. ಗದರಿಸಬೇಡಿ, ಕೇಳಿ. ಗದರಿಸಿದರೆ ಮುಂದಿನ ಸಲ ಹೇಳುವುದಿಲ್ಲ. ಡಾಕ್ಟರ ಬಳಿ ಹೋದಾಗ ‘ಇವ ಕಾಲೇಜು ತಂಡದಲ್ಲಿ ಆಡ್ತಾನೆ’ ಎಂಬ ಒಂದು ಮಾತು ಸೇರಿಸಿ.

ಆಡುವ ಮಕ್ಕಳಿಗೆ ಕೊನೆಯ ಮಾತು. ಅಧಿಕಾರಿ ಬಂದಾಗ ಓಡಬೇಡಿ. ಫಾರ್ಮಿನಲ್ಲಿ ಎಲ್ಲವನ್ನೂ ಬರೆಯಿರಿ, ಅದರ ಪ್ರತಿಯನ್ನು ಜೋಪಾನ ಮಾಡಿ. ‘ಎ’ ಮಾದರಿ ಪಾಸಿಟಿವ್ ಬಂದರೂ ‘ಬಿ’ ಮಾದರಿಯ ಪರೀಕ್ಷೆ ಕೇಳುವ ಹಕ್ಕು, ವಿಚಾರಣೆಯಲ್ಲಿ ವಾದಿಸುವ ಹಕ್ಕು, ಮೇಲ್ಮನವಿಯ ಹಕ್ಕು ನಿಮಗುಂಟು. ನಿಜಕ್ಕೂ ತಪ್ಪು ಮಾಡಿದ್ದರೆ, ಆರೋಪಪತ್ರ ಕೈಸೇರಿ 20 ದಿನದೊಳಗೆ ಒಪ್ಪಿಕೊಂಡವರಿಗೆ ನಾಲ್ಕು ವರ್ಷದಲ್ಲಿ ಒಂದು ವರ್ಷ ಕಡಿಮೆಯಾಗುವ ನಿಯಮವೂ ಇದೆ. ನಾಚಿಕೆಯಿಂದ ಪತ್ರಕ್ಕೆ ಉತ್ತರಿಸದೆ ಕೂರುವುದು ಎಲ್ಲಕ್ಕಿಂತ ದೊಡ್ಡ ನಷ್ಟ.

ಪರೀಕ್ಷೆ ಮಾಡುವವರು ತಮ್ಮ ಕೆಲಸ ಮಾಡಲಿ. ಪಾಠ ಹೇಳಬೇಕಾದ ನಾವು, ಅಂದರೆ ಕಾಲೇಜು, ಮನೆ, ಸಂಘ, ಅಂಗಡಿ, ನಮ್ಮ ಕೆಲಸ ಶುರುಮಾಡೋಣ. ಮುಂದಿನ ಅಂತರ ಕಾಲೇಜು ಕೂಟಕ್ಕೆ ಬ್ಯಾಗ್ ಕಟ್ಟುವ ಹುಡುಗನ ಬಳಿ ಶೂ, ಜೆರ್ಸಿಯ ಜೊತೆಗೆ ಈ ತಿಳಿವಳಿಕೆಯೂ ಇರಲಿ.